ಮಂಡ್ಯದಿಂದ ಬೀದರ್‌ಗೆ ಬೈಕ್ ರೈಡ್: ದೇಣಿಗೆಯೂ ಕೂಡಬೇಕು, ಎಲ್ಲರೂ ಮನೆಗೂ ಬರಬೇಕು

ಪ್ರಶ್ನೆ: ನಾವು ಮಂಡ್ಯ ಸುತ್ತಮುತ್ತಲಿನ ಹದಿನೆಂಟು ಮಂದಿ ಗೆಳೆಯರು. ಮೂವರು ಹೆಣ್ಣುಮಕ್ಕಳೂ ಇದ್ದಾರೆ. ನಮ್ಮಲ್ಲೇ ಒಬ್ಬನಿಗೆ ಕಿಡ್ನಿ ಹೋಗಿ ಡಯಾಲಿಸಿಸ್ ನಡೆಯುತ್ತಿದೆ. ಅವನಂಥ ರೋಗಿಗಳಿಗೆ ಮೂರು ಲಕ್ಷ ರೂಪಾಯಿ ಕೂಡಿಸಬೇಕೆಂದು ಡಿಸೆಂಬರಿನಲ್ಲಿ ಮಂಡ್ಯದಿಂದ ಬೀದರ್‌ಗೆ ಬೈಕ್ ರೈಡ್ ಇಟ್ಟುಕೊಂಡಿದ್ದೇವೆ. ಎರಡು ದಿನದಲ್ಲಿ ತಲುಪುವ ಯೋಚನೆ. ಕಿಲೋಮೀಟರಿಗೆ ಇಷ್ಟು ರೂಪಾಯಿ ಅಂತ ದಾನಿಗಳನ್ನು ಕೇಳೋಣ ಅಂತಿದ್ದೇವೆ. ಬುಲೆಟ್, ಪಲ್ಸರ್, ಸ್ಪ್ಲೆಂಡರ್ ಎಲ್ಲ ಇವೆ. ಒಬ್ಬರು ಅಪ್ಪನ ಕಾಲದ ಯೆಜ್ಡಿ ತರುತ್ತಾರಂತೆ. ಇಷ್ಟು ದೂರ ಗುಂಪಾಗಿ ಹೋದವರು ನಮ್ಮಲ್ಲಿ ಯಾರೂ ಇಲ್ಲ. ಹೇಗೆ ತಯಾರಾಗಬೇಕು?

ಉತ್ತರ: ಗೆಳೆಯನಿಗಾಗಿ ಇಷ್ಟು ದೂರ ಹೊರಟಿದ್ದೀರಿ, ಓದಿ ಖುಷಿಯಾಯಿತು. ಖಂಡಿತ ಮಾಡಿ. ಆದರೆ ನಿಮ್ಮ ಯೋಜನೆಯಲ್ಲಿ ಎರಡು ವಿಷಯ ಇವತ್ತೇ ಬದಲಾಗಬೇಕು. ಎರಡು ದಿನ ಅನ್ನುವುದು ಒಂದು. ಕಿಲೋಮೀಟರಿಗೆ ಇಷ್ಟು ಅನ್ನುವುದು ಇನ್ನೊಂದು. ಎರಡೂ ನಿಮ್ಮನ್ನು ಒಂದೇ ಅಪಾಯದ ಕಡೆಗೆ ತಳ್ಳುತ್ತವೆ.

ಸುಮ್ನೆ ಊರು ಸುತ್ತಲು ಹೊರಟವರು ಸುಸ್ತಾದರೆ ನಿಲ್ಲಿಸುತ್ತಾರೆ. ಮಳೆ ಬಂದರೆ ಲಾಡ್ಜ್ ಹುಡುಕುತ್ತಾರೆ. ದೇಣಿಗೆಗಾಗಿ ಹೊರಟವರು ಹಾಗೆ ನಿಲ್ಲುವುದಿಲ್ಲ. ಮುಂದಿನ ಊರಿನಲ್ಲಿ ಹಾರ ಹಿಡಿದುಕೊಂಡು ಜನ ಕಾಯುತ್ತಿರುತ್ತಾರೆ. ಇಷ್ಟು ದುಡ್ಡು ಕೊಟ್ಟಿದ್ದಾರೆ, ಅರ್ಧಕ್ಕೆ ಬಿಟ್ಟರೆ ಏನು ಮುಖ ತೋರಿಸುವುದು ಅನ್ನುವ ಭಾರ ಬೇರೆ. ಹಾಗಾಗಿ ಕಣ್ಣು ಎಳೆಯುತ್ತಿದ್ದರೂ ಕತ್ತಲಲ್ಲೇ ಓಡಿಸುತ್ತಾರೆ. ಇದು ಕೆಟ್ಟ ಬುದ್ಧಿಯಿಂದ ಆಗುವುದಲ್ಲ, ಒಳ್ಳೆಯ ಮನಸ್ಸಿನಿಂದಲೇ ಆಗುತ್ತದೆ. ಅದಕ್ಕೇ ನನಗೆ ಈ ವಿಷಯದಲ್ಲಿ ಭಯ ಜಾಸ್ತಿ.

ಮೊದಲು ಹಣವನ್ನು ದೂರದಿಂದ ಬಿಡಿಸಿಬಿಡಿ. ಕಿಲೋಮೀಟರಿಗೆ ಇಷ್ಟು ಎಂದು ಕೇಳಿದರೆ ನಿಲ್ಲಿಸಿದ ಪ್ರತಿ ಕಿಲೋಮೀಟರೂ ರೋಗಿಯ ಕೈಯಿಂದ ಕಿತ್ತುಕೊಂಡ ಹಾಗೆ ಅನಿಸುತ್ತದೆ. ಅದರ ಬದಲು ಇಷ್ಟು ಮೊತ್ತ ಎಂದು ಕೇಳಿ. ಕೇಳುವಾಗಲೇ ಒಂದು ಮಾತು ಸೇರಿಸಿ: ಮಳೆ, ರಿಪೇರಿ, ಆರೋಗ್ಯ ಯಾವ ಕಾರಣಕ್ಕೆ ರೈಡ್ ಅರ್ಧಕ್ಕೆ ನಿಂತರೂ ನಿಮ್ಮ ಹಣ ರೋಗಿಗಳಿಗೇ ಹೋಗುತ್ತದೆ. ಇದನ್ನು ಕರಪತ್ರದಲ್ಲೂ ವಾಟ್ಸ್ಆ್ಯಪ್ ಸಂದೇಶದಲ್ಲೂ ಹಾಕಿ. ಬೇಡ ಅನ್ನುವ ದಾನಿ ಸಿಗುವುದು ಅಪರೂಪ.

ಇನ್ನು ಹಣ ಯಾರ ಖಾತೆಗೆ ಬರಬೇಕು? ನಿಮ್ಮ ಯಾರ ಸ್ವಂತ ಖಾತೆಗೂ ಬೇಡ. ಯಾರ ಫೋನ್ ನಂಬರಿನ ಯುಪಿಐಗೂ ಬೇಡ. ನಂಬಿಕೆ ಇಲ್ಲವೆಂದು ಹೇಳುತ್ತಿಲ್ಲ. ಸಂಬಂಧಿಗಳಲ್ಲದವರಿಂದ ಒಂದು ವರ್ಷದಲ್ಲಿ 50,000 ರೂಪಾಯಿಗಿಂತ ಜಾಸ್ತಿ ಹಣ ಬಂದರೆ ಆದಾಯ ತೆರಿಗೆ ಲೆಕ್ಕದಲ್ಲಿ ಅದು ನಿಮ್ಮ ಆದಾಯ ಅನಿಸಿಕೊಳ್ಳುತ್ತದೆ. ಆಮೇಲೆ ವಿವರಣೆ ಕೊಡುತ್ತಾ ಕೂರಬೇಕು. ಕಿಡ್ನಿ ರೋಗಿಗಳ ಜೊತೆ ಈಗಾಗಲೇ ಕೆಲಸ ಮಾಡುತ್ತಿರುವ ನೋಂದಾಯಿತ ಟ್ರಸ್ಟ್ ಒಂದನ್ನು ಹುಡುಕಿ, ಹಣ ನೇರವಾಗಿ ಅವರ ಖಾತೆಗೇ ಹೋಗಲಿ. ದಾನಿಗಳಿಗೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ, 80ಜಿ ಎಂದು ಹೆಸರಾದ ಮಾನ್ಯತೆ ಅವರಿಗೆ ಇದೆಯೇ ಎಂದು ಪತ್ರ ನೋಡಿ ಖಚಿತ ಮಾಡಿಕೊಳ್ಳಿ. ಆ ವಿನಾಯಿತಿ ಬೇಕಾದ ದಾನಿಗಳಿಗೆ ಎರಡು ವಿಷಯ ತಿಳಿಸಿ. ನಗದು 2,000 ರೂಪಾಯಿ ದಾಟಿದರೆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಸಿಗುವುದಿಲ್ಲ.

ನಿಮ್ಮ ಊರಿನವರು ಅಮೆರಿಕ, ದುಬೈಯಲ್ಲಿ ಇದ್ದೇ ಇರುತ್ತಾರೆ, ಅಲ್ವಾ? ಭಾರತದ ಪಾಸ್‌ಪೋರ್ಟ್ ಇರುವವರು ಕೊಟ್ಟರೆ ತೊಂದರೆ ಇಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡವರು, ಒಸಿಐ ಕಾರ್ಡ್ ಇದ್ದರೂ, ಕಾನೂನಿನ ಪ್ರಕಾರ ವಿದೇಶಿಯರೇ. ಅವರ ಹಣ ಪಡೆಯಲು ಟ್ರಸ್ಟಿಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾನೂನಿನ ಅನುಮತಿ ಇರಲೇಬೇಕು. ಇಲ್ಲದಿದ್ದರೆ ನಯವಾಗಿ ಬೇಡ ಎನ್ನಿ.

ರೋಗಿಗಳಿಗೆ ಏನು ಕೊಡುತ್ತೀರಿ ಅನ್ನುವುದನ್ನೂ ಈಗಲೇ ಗಟ್ಟಿ ಮಾಡಿಕೊಳ್ಳಿ. ಸರ್ಕಾರಿ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಬಡವರಿಗೆ ಡಯಾಲಿಸಿಸ್ ಉಚಿತವಾಗಿ ಸಿಗುತ್ತದೆ. ಹಾಗಾದರೆ ಅವರ ಕೈ ಖಾಲಿಯಾಗುವುದು ಎಲ್ಲಿ? ಓಡಾಟದಲ್ಲಿ. ವಾರಕ್ಕೆ ಎರಡು ಮೂರು ಸಲ ಹಳ್ಳಿಯಿಂದ ಬರಬೇಕು. ಜೊತೆಗೆ ಬರುವವರ ಕೂಲಿ ಹೋಗುತ್ತದೆ. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಟಿಕೆಟ್ ಇಲ್ಲ, ನಿಜ. ಆದರೆ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ ಎದ್ದವರಿಗೆ ಬಸ್ ನಿಲ್ದಾಣದವರೆಗೆ ನಡೆಯುವುದೇ ಕಷ್ಟ, ಆಟೋ ಬೇಕಾಗುತ್ತದೆ. ಡಯಾಲಿಸಿಸ್ ನಡೆಯುತ್ತಿರುವ ನಿಮ್ಮ ಗೆಳೆಯನನ್ನೇ ಕೇಳಿ ನೋಡಿ, ನನಗಿಂತ ಚೆನ್ನಾಗಿ ಹೇಳುತ್ತಾನೆ. ನನ್ನ ಸಲಹೆ ಇದು: ಮೂರು ಲಕ್ಷವನ್ನು ಒಂದಿಷ್ಟು ರೋಗಿಗಳ ಓಡಾಟದ ಖರ್ಚಿಗೇ ಮೀಸಲಿಡಿ. ಇಂಥ ಖರ್ಚಿಗೆ, ಇಷ್ಟು ಜನಕ್ಕೆ, ಇಷ್ಟು ತಿಂಗಳು ಎಂದು ಹೇಳಿದರೆ ಜನ ಕೈ ಬಿಚ್ಚಿ ಕೊಡುತ್ತಾರೆ. ಬರೀ ‘ಕಿಡ್ನಿ ರೋಗಿಗಳ ನೆರವಿಗೆ’ ಎಂದು ಬ್ಯಾನರ್ ಕಟ್ಟಿದರೆ ಅಷ್ಟು ಬರುವುದಿಲ್ಲ.

ಪೆಟ್ರೋಲ್, ಊಟ, ರೂಮು, ಟಿ-ಶರ್ಟ್ ಎಲ್ಲವೂ ಸವಾರರ ಜೇಬಿನಿಂದಲೇ. ದೇಣಿಗೆಯ ಒಂದು ರೂಪಾಯಿಯೂ ಇದಕ್ಕೆ ಹೋಗಬಾರದು. ಹೋಗಿ ಬರಲು 1,500 ಕಿಲೋಮೀಟರ್ ಹತ್ತಿರ ಆಗುತ್ತದೆ. ಲೀಟರಿಗೆ 35 ಕೊಡುವ ಬುಲೆಟ್ಟಿಗೆ 43 ಲೀಟರ್, 60 ಕೊಡುವ ಸ್ಪ್ಲೆಂಡರ್‌ಗೆ 25 ಲೀಟರ್ ಪೆಟ್ರೋಲ್ ಬೇಕು. ಊಟ, ವಸತಿ, ಸರ್ವಿಸ್ ಸೇರಿಸಿ ತಲೆಗೆ ಹತ್ತು ಸಾವಿರ ಎಂದು ಹಿಡಿದರೂ ಹದಿನೆಂಟು ಜನಕ್ಕೆ ಒಂದು ಲಕ್ಷದ ಎಂಬತ್ತು ಸಾವಿರ. ಆ ದುಡ್ಡನ್ನೇ ನೇರವಾಗಿ ಕೊಡಬಹುದಲ್ಲ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ನಿಮ್ಮಲ್ಲಿ ಉತ್ತರ ಇರಬೇಕು.

ನನ್ನ ಪ್ರಕಾರ ಉತ್ತರ ದಾರಿಯಲ್ಲಿದೆ. ಕಿಡ್ನಿ ಹಾಳಾಗಲು ಮುಖ್ಯ ಕಾರಣ ಸಕ್ಕರೆ ಕಾಯಿಲೆ ಮತ್ತು ಬಿಪಿ. ಎರಡೂ ಇದ್ದದ್ದೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ರಾತ್ರಿ ತಂಗುವ ಊರುಗಳಲ್ಲಿ ಅಲ್ಲಿನ ವೈದ್ಯರು, ನರ್ಸಿಂಗ್ ವಿದ್ಯಾರ್ಥಿಗಳ ನೆರವಿನಿಂದ ಸಂಜೆ ಒಂದು ಗಂಟೆ ಬಿಪಿ, ಶುಗರ್ ತಪಾಸಣೆ ಇಟ್ಟುಕೊಳ್ಳಿ. ನಮ್ಮ ರಾಜ್ಯದಲ್ಲಿ ಅಂಗಾಂಗ ದಾನದ ವ್ಯವಸ್ಥೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಜೀವಸಾರ್ಥಕತೆ. ಅವರನ್ನು ಮೊದಲೇ ಸಂಪರ್ಕಿಸಿ, ಹೆಸರು ನೋಂದಾಯಿಸುವ ಬಗೆ ತಿಳಿದುಕೊಂಡು ಹೋಗಿ. ಬೈಕ್‌ಗಳ ಸಾಲು ನೋಡಿ ಹತ್ತಿರ ಬಂದವರಲ್ಲಿ ನಾಲ್ಕು ಜನ ದಾನಕ್ಕೆ ಹೆಸರು ಬರೆಸಿದರೂ ಪೆಟ್ರೋಲಿನ ಖರ್ಚಿಗೆ ಅರ್ಥ ಬಂತು.

ಈಗ ದಾರಿ. ಮಂಡ್ಯದಿಂದ ಬೀದರ್‌ಗೆ ಏಳೂವರೆ ನೂರು ಕಿಲೋಮೀಟರ್ ಆಸುಪಾಸು. ಬೆಂಗಳೂರಿನ ಕಡೆ ತಿರುಗುವುದೇ ಬೇಡ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ರಸ್ತೆಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ನಿಮಗೆ ಅನುಕೂಲವಾದ ದಾರಿ ರಾಷ್ಟ್ರೀಯ ಹೆದ್ದಾರಿ 150ಎ. ಚಾಮರಾಜನಗರದಿಂದ ಹೊರಟು ಮೈಸೂರು, ಶ್ರೀರಂಗಪಟ್ಟಣ, ನಾಗಮಂಗಲ, ಹಿರಿಯೂರು, ಬಳ್ಳಾರಿ ಮೇಲೆ ಕಲಬುರಗಿ ಜಿಲ್ಲೆಯ ಜೇವರ್ಗಿವರೆಗೆ ಹೋಗುವ ರಸ್ತೆ ಇದು. ನೀವು ಬಸರಾಳು ಮೇಲೆ ನಾಗಮಂಗಲಕ್ಕೆ ಬಂದು ಇದನ್ನು ಸೇರಿಕೊಳ್ಳಿ. ಮೈಸೂರಿನಿಂದ ಯಾರಾದರೂ ಬರುವುದಿದ್ದರೆ ಪಾಂಡವಪುರದ ಮೇಲೆ ಬಂದು ಅಲ್ಲೇ ಕೂಡಿಕೊಳ್ಳಲಿ.

ಎರಡು ದಿನ ಬೇಡ, ನಾಲ್ಕು ದಿನ ಇಟ್ಟುಕೊಳ್ಳಿ. ಹದಿನೆಂಟು ಬೈಕ್‌ಗಳ ಗುಂಪು ಟೀ, ಪೆಟ್ರೋಲ್, ಪಂಕ್ಚರ್ ಎಲ್ಲ ಸೇರಿ ಗಂಟೆಗೆ 35–40 ಕಿಲೋಮೀಟರ್ ಸಾಗಿದರೆ ದೊಡ್ಡದು. ಒಬ್ಬರೇ ಹೋದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೊದಲ ದಿನ ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು, ಹಿರಿಯೂರು ದಾಟಿ ಚಳ್ಳಕೆರೆಯಲ್ಲಿ ಉಳಿಯಿರಿ, ಸುಮಾರು 220 ಕಿಲೋಮೀಟರ್. ಎರಡನೇ ದಿನ ಬಳ್ಳಾರಿ, ಸಿರುಗುಪ್ಪ ಮೇಲೆ ಸಿಂಧನೂರು. ಮೂರನೇ ದಿನ ಮಸ್ಕಿ, ಲಿಂಗಸುಗೂರು, ಸುರಪುರ, ಜೇವರ್ಗಿ ದಾಟಿ ಕಲಬುರಗಿ. ನಾಲ್ಕನೇ ದಿನಕ್ಕೆ ಉಳಿಯುವುದು ಹುಮನಾಬಾದ್ ಮೇಲೆ ಬೀದರ್‌ವರೆಗಿನ ನೂರು ಚಿಲ್ಲರೆ ಕಿಲೋಮೀಟರ್ ಅಷ್ಟೇ. ಮಧ್ಯಾಹ್ನಕ್ಕೆ ಮುಂಚೆಯೇ ತಲುಪುತ್ತೀರಿ. ಸನ್ಮಾನ, ಭಾಷಣ, ಫೋಟೊ ಎಲ್ಲ ಅಲ್ಲಿ ಇಟ್ಟುಕೊಳ್ಳಿ. ಆಮೇಲೆ ಓಡಿಸುವುದು ಇರುವುದಿಲ್ಲವಲ್ಲ.

ಬೀಳ್ಕೊಡುಗೆ ಸಮಾರಂಭದ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಹೊರಡುವ ದಿನ ಬೆಳಗ್ಗೆ ಅದನ್ನು ಇಡಲೇಬೇಡಿ. ಎಂಟಕ್ಕೆ ಬರಬೇಕಾದ ಅತಿಥಿ ಹತ್ತೂವರೆಗೆ ಬರುತ್ತಾರೆ. ಬಾವುಟ ತೋರಿಸಿ, ಎಲ್ಲರ ಜೊತೆ ಫೋಟೊ ಮುಗಿಯುವ ಹೊತ್ತಿಗೆ ಹನ್ನೊಂದೂವರೆ. ಡಿಸೆಂಬರಿನಲ್ಲಿ ಸಂಜೆ ಆರಕ್ಕೆಲ್ಲ ಕತ್ತಲಾಗುತ್ತದೆ. ಕಳೆದ ಮೂರು ಗಂಟೆಯನ್ನು ಎಲ್ಲರೂ ರಸ್ತೆಯ ಮೇಲೆ ಹಿಂದೆ ಪಡೆಯಲು ಹೋಗುತ್ತಾರೆ. ನಾನು ನೋಡಿದ ಎಷ್ಟೋ ರೈಡ್‌ಗಳಲ್ಲಿ ಮೊದಲ ದಿನವೇ ಹೀಗೆ ಕೆಟ್ಟಿದೆ. ಹಿಂದಿನ ದಿನ ಸಂಜೆಯೇ ಸಮಾರಂಭ ಮುಗಿಸಿ, ಎಲ್ಲರೂ ಮನೆಗೆ ಹೋಗಿ ಮಲಗಿ, ಬೆಳಗ್ಗೆ ಬೆಳಕು ಹರಿಯುತ್ತಲೇ ಆರೂವರೆಗೆ ಹೊರಡಿ. ಸಂಜೆ ಐದಕ್ಕೆ ಎಲ್ಲಿದ್ದರೆ ಅಲ್ಲೇ ಊರು ನೋಡಿ ನಿಲ್ಲುವುದು. ಈ ನಿಯಮಕ್ಕೆ ವಿನಾಯಿತಿ ಇಟ್ಟುಕೊಳ್ಳಬೇಡಿ. ಸಮಾರಂಭಕ್ಕೆ ಮೈಕ್ ಹಾಕುವುದಿದ್ದರೆ ಪೊಲೀಸರಿಂದ ಲಿಖಿತ ಅನುಮತಿ ಬೇಕು. ರೈಡಿನ ವಿವರವನ್ನೂ ಅದೇ ಅರ್ಜಿಯಲ್ಲಿ ಠಾಣೆಗೆ ತಿಳಿಸಿಬಿಡಿ.

ಕತ್ತಲಿಗೆ ಯಾಕೆ ಇಷ್ಟು ಹೆದರುತ್ತೇನೆ ಅಂದರೆ ಡಿಸೆಂಬರ್ ಸುಗ್ಗಿಯ ಕಾಲ. ಬಿಸಿಲು ಕಡಿಮೆ ಅನ್ನುವ ಲೆಕ್ಕದಲ್ಲಿ ನೀವು ತಿಂಗಳನ್ನು ಸರಿಯಾಗಿಯೇ ಆರಿಸಿದ್ದೀರಿ. ಏಪ್ರಿಲ್‌ನಲ್ಲಿ ಕಲಬುರಗಿ ಕಡೆ 40 ಡಿಗ್ರಿ ದಾಟುತ್ತದೆ. ಆದರೆ ಸುಗ್ಗಿಯಲ್ಲಿ ಅರ್ಧ ರಸ್ತೆ ರೈತರ ಕಣ. ನಾಗಮಂಗಲ, ತುರುವೇಕೆರೆ ಕಡೆ ರಾಗಿ ತೆನೆ, ಹುರುಳಿಯನ್ನು ಡಾಂಬರಿನ ಮೇಲೇ ಹರಡಿರುತ್ತಾರೆ. ಹುರುಳಿ ಬಳ್ಳಿ ಚೈನಿಗೆ, ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಬಿಸಿ ಸೈಲೆನ್ಸರ್ ತಗುಲಿದರೆ ಬೆಂಕಿಯೂ ಹತ್ತಬಹುದು. ಕಾಳಿನ ಮೇಲೆ ಬ್ರೇಕ್ ಹಿಡಿದರೆ ಬೈಕ್ ಜಾರಿಯೇ ಜಾರುತ್ತದೆ. ದೂರದಿಂದ ಕಂಡರೆ ವೇಗ ಇಳಿಸಿ, ಸುತ್ತಿ ಹೋಗಿ. ಆಗದಿದ್ದರೆ ಹ್ಯಾಂಡಲ್ ನೇರ ಇಟ್ಟು, ಬ್ರೇಕ್ ಮುಟ್ಟದೆ ನಿಧಾನ ದಾಟಿ. ನಮ್ಮ ಜಿಲ್ಲೆಯ ಕಬ್ಬಿನ ಟ್ರ್ಯಾಕ್ಟರ್ ನಿಮಗೆ ಹೊಸದಲ್ಲ, ಎರಡು ಟ್ರೇಲರ್, ಹಿಂದೆ ಒಂದು ದೀಪವೂ ಇಲ್ಲ. ಸಿರುಗುಪ್ಪ, ಸಿಂಧನೂರು ತುಂಗಭದ್ರಾ ಕಾಲುವೆಯ ಭತ್ತದ ಸೀಮೆ. ಅಲ್ಲಿ ಭತ್ತ ಕಟಾವಿನ ಯಂತ್ರಗಳು ರಸ್ತೆಯನ್ನೇ ಆಕ್ರಮಿಸಿಕೊಂಡು ಬರುತ್ತವೆ. ಮುಂದೆ ಎರೆಮಣ್ಣಿನ ನಾಡು. ಗದ್ದೆ, ಹೊಲದಿಂದ ಬಂದ ಟ್ರ್ಯಾಕ್ಟರ್ ಚಕ್ರ ಬಿಟ್ಟುಹೋದ ಒದ್ದೆ ಮಣ್ಣು ರಸ್ತೆಗೆ ಮೆತ್ತಿಕೊಂಡಿದ್ದರೆ ಎಣ್ಣೆ ಚೆಲ್ಲಿದ ಹಾಗೇ. ಊರಿನ ಮುಂದಿನ ಬಣ್ಣವಿಲ್ಲದ ಹಂಪುಗಳಂತೂ ರಾಜ್ಯದ ಉದ್ದಕ್ಕೂ ಇವೆ.

ಹದಿನೆಂಟು ಜನ ಒಂದೇ ಸಾಲಿನಲ್ಲಿ ಹೋಗಬೇಡಿ. ಆರಾರು ಜನರ ಮೂರು ತಂಡ ಮಾಡಿ, ಹತ್ತು ನಿಮಿಷ ಬಿಟ್ಟು ಒಂದೊಂದು ಹೊರಡಲಿ. ಪ್ರತಿ ತಂಡಕ್ಕೂ ಮುಂದೆ ಒಬ್ಬರು ಲೀಡ್, ಕೊನೆಯಲ್ಲಿ ಒಬ್ಬರು ಸ್ವೀಪ್. ಲೀಡ್‌ನವರು ದಾರಿ ಗೊತ್ತಿರುವವರಾಗಿರಬೇಕು. ಸ್ವೀಪ್‌ನವರು ತಂಡದಲ್ಲೇ ಹೆಚ್ಚು ಅನುಭವದವರಾಗಿರಬೇಕು. ತುಂಬಾ ಗುಂಪುಗಳು ಇದನ್ನು ಉಲ್ಟಾ ಮಾಡುತ್ತವೆ, ಒಳ್ಳೆಯ ಸವಾರರನ್ನು ಮುಂದೆ ಬಿಟ್ಟು ಹೊಸಬರನ್ನು ಬಾಲಕ್ಕೆ ಹಾಕುತ್ತವೆ. ಹೊಸಬರು, ಸಣ್ಣ ಬೈಕಿನವರು ಲೀಡ್ ಹಿಂದೆಯೇ ಇರಬೇಕು. ಆಗ ಅವರ ವೇಗವೇ ತಂಡದ ವೇಗವಾಗುತ್ತದೆ. ಬಾಲದಲ್ಲಿದ್ದರೆ ಹಿಂದೆ ಬಿದ್ದೆನೆಂದು ಗಾಬರಿಯಾಗಿ ಓಡಿಸುತ್ತಾರೆ.

ಸಾಲು ಬಿಡುವುದು ಹೀಗೆ. ಮೊದಲನೆಯವರು ಪಥದ ಬಲಕ್ಕೆ, ಎರಡನೆಯವರು ಎಡಕ್ಕೆ, ಮೂರನೆಯವರು ಮತ್ತೆ ಬಲಕ್ಕೆ. ನಿಮ್ಮ ನೇರ ಮುಂದಿರುವ ಬೈಕಿಗೂ ನಿಮಗೂ ಎರಡು ಸೆಕೆಂಡ್ ಅಂತರ ಇರಲಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು 33 ಮೀಟರ್. ತಿರುವು, ಕಿರಿದಾದ ರಸ್ತೆ, ಗುಂಡಿ ಇರುವಲ್ಲಿ ಎಲ್ಲರೂ ಒಬ್ಬರ ಹಿಂದೊಬ್ಬರು. ಜೋಡಿಯಾಗಿ ಅಕ್ಕಪಕ್ಕ ಹೋಗುವುದು ವಿಡಿಯೊದಲ್ಲಿ ಚೆಂದ, ಗುಂಡಿ ತಪ್ಪಿಸುವಾಗ ಇಬ್ಬರೂ ಬೀಳುತ್ತೀರಿ. ಓವರ್‌ಟೇಕ್ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಲೀಡ್ ಲಾರಿ ದಾಟಿದರು ಎಂದು ಹಿಂದಿನವರು ಕಣ್ಣು ಮುಚ್ಚಿ ಹೋಗಬಾರದು. ಪ್ರತಿಯೊಬ್ಬರೂ ಎದುರು ನೋಡಿ, ತಾವೇ ತೀರ್ಮಾನಿಸಿ ದಾಟಬೇಕು. ದಾಟಿದ ಮೇಲೆ ಲೀಡ್ ನಿಧಾನಿಸಿ ಕಾಯಬೇಕು.

ದಾರಿ ತಪ್ಪುವ ಚಿಂತೆಗೆ ಸುಲಭ ಉಪಾಯವಿದೆ. ತಿರುವು ಬಂದಲ್ಲಿ ಎರಡನೇ ಸ್ಥಾನದಲ್ಲಿರುವವರು ಬದಿಗೆ ನಿಂತು ಕೈ ತೋರಿಸಬೇಕು. ಸ್ವೀಪ್ ಬಂದ ಮೇಲೆ ಅವರ ಮುಂದೆ ಸೇರಿಕೊಳ್ಳಬೇಕು. ಮುಂದಿನ ತಿರುವಿಗೆ ಈಗ ಎರಡನೆಯವರಾದವರು ನಿಲ್ಲುತ್ತಾರೆ. ಓಡಿಸುತ್ತಾ ಫೋನ್ ನೋಡುವ ಕೆಲಸವೇ ಇಲ್ಲ.

ಪೆಟ್ರೋಲನ್ನು ತಂಡದಲ್ಲೇ ಚಿಕ್ಕ ಟ್ಯಾಂಕ್ ಮತ್ತು ಕಡಿಮೆ ಮೈಲೇಜ್ ನೋಡಿ ಹಾಕಿಸಿ. ಒಬ್ಬರು ಹಾಕಿಸಿದರೆ ಎಲ್ಲರೂ ಹಾಕಿಸಬೇಕು. ಯೆಜ್ಡಿ ಬರಲಿ ಎಂದೇ ನನ್ನ ಆಸೆ. ಅದನ್ನು ತಯಾರಿಸುತ್ತಿದ್ದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಮೈಸೂರು ಸೀಮೆಯ ಜನ ಆ ಗಾಡಿಗಳನ್ನು ಮಕ್ಕಳ ಹಾಗೆ ಸಾಕಿಕೊಂಡಿದ್ದಾರೆ. ಆದರೆ ಅದಕ್ಕೆ ಪ್ರತ್ಯೇಕ ತಯಾರಿ ಬೇಕು. ಪೆಟ್ರೋಲಿಗೆ ಬೆರೆಸುವ ಟೂ-ಟಿ ಆಯಿಲ್ ಎಲ್ಲ ಬಂಕಿನಲ್ಲಿ ಸಿಗುವುದಿಲ್ಲ, ಪೂರ್ತಿ ದಾರಿಗೆ ಸಾಕಾಗುವಷ್ಟು ಜೊತೆಗಿಡಿ. ಸ್ಪಾರ್ಕ್ ಪ್ಲಗ್, ಪಾಯಿಂಟ್ ಸೆಟ್, ಕ್ಲಚ್ ಕೇಬಲ್ ಎರಡೆರಡು ಇರಲಿ. ಹದಿನೈದು ವರ್ಷ ದಾಟಿದ ಗಾಡಿಯಾದ್ದರಿಂದ ಆರ್‌ಸಿ ನವೀಕರಣ ಆಗಿದೆಯೇ ನೋಡಿ. ಆಗಿಲ್ಲದಿದ್ದರೆ ಮೊದಲು ಆರ್‌ಟಿಒ ಕಚೇರಿ, ಆಮೇಲೆ ಬೀದರ್.

ಉಳಿದ ಬೈಕ್‌ಗಳಿಗೆ ಹೊರಡುವ ಎರಡು ವಾರ ಮೊದಲೇ ಸರ್ವಿಸ್ ಮುಗಿಸಿ. ಹಿಂದಿನ ದಿನ ಸರ್ವಿಸ್ ಮಾಡಿಸಿದರೆ ಮೆಕ್ಯಾನಿಕ್ ಬಿಗಿ ಮಾಡದೆ ಬಿಟ್ಟ ನಟ್ಟು ನಿಮಗೆ ಹುಳಿಯಾರಿನಲ್ಲಿ ಗೊತ್ತಾಗುತ್ತದೆ. ಟೈರ್ ಸವೆದಿದ್ದರೆ ಬದಲಿಸಿ. ಚೈನಿಗೆ ಐನೂರು ಕಿಲೋಮೀಟರಿಗೊಮ್ಮೆ ಲ್ಯೂಬ್ ಹಾಕಿ. ಕಡ್ಡಿ ಚಕ್ರದ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಟ್ಯೂಬ್ ಇರುತ್ತದೆ, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಅವಕ್ಕೆ ಉಪಯೋಗವಿಲ್ಲ. ಬೇರೆ ಟ್ಯೂಬೇ ಇಟ್ಟುಕೊಳ್ಳಿ. ಕೊನೆಯ ತಂಡದ ಹಿಂದೆ ಒಂದು ಪಿಕಪ್ ಗಾಡಿ ಬರಲಿ. ಕೆಟ್ಟ ಬೈಕನ್ನೂ ಸುಸ್ತಾದ ಸವಾರರನ್ನೂ ಹತ್ತಿಸಿಕೊಳ್ಳಲು. ಪಿಕಪ್ ಹತ್ತುವುದು ಅವಮಾನವಲ್ಲ ಎಂದು ಮೊದಲ ಸಭೆಯಲ್ಲೇ ಎಲ್ಲರ ಮುಂದೆ ಹೇಳಿ.

ಐಎಸ್‌ಐ ಗುರುತಿನ ಪೂರ್ತಿ ಮುಖದ ಹೆಲ್ಮೆಟ್ ಇಲ್ಲದವರು ಬರುವುದು ಬೇಡ. ಇದರಲ್ಲಿ ಚೌಕಾಸಿ ಇಲ್ಲ. ಇನ್ಶೂರೆನ್ಸ್ ಪತ್ರ ತೆಗೆದು ಓದಿ. 15 ಲಕ್ಷದ ಅಪಘಾತ ವಿಮೆ ಡಿಎಲ್ ಇರುವ ಮಾಲೀಕ-ಸವಾರರಿಗೆ ಮಾತ್ರ. ಹಿಂದೆ ಕೂತವರಿಗೂ, ಅಣ್ಣನ ಬೈಕ್ ತಂದವರಿಗೂ ಅದು ಸಿಗುವುದಿಲ್ಲ. ಅಷ್ಟೂ ದಿನಕ್ಕೆ ಎಲ್ಲರಿಗೂ ಸೇರಿಸಿ ಒಂದು ಗುಂಪು ಅಪಘಾತ ವಿಮೆ ಮಾಡಿಸಿ. ಮೊದಲು ಮುಟ್ಟಿದವರಿಗೆ ಬಹುಮಾನ ಎಂದು ತಮಾಷೆಗೂ ಹಾಕಬೇಡಿ. ರೇಸ್ ಎಂದಾದರೆ ವಿಮೆಯೇ ಹೋಯಿತು.

ಪ್ರತಿಯೊಬ್ಬರ ರಕ್ತದ ಗುಂಪು, ಅಲರ್ಜಿ, ಮನೆಯ ಫೋನ್ ನಂಬರ್ ಬರೆದ ಚೀಟಿ ಅವರವರ ಜೇಬಿನಲ್ಲೂ ಪಿಕಪ್‌ನಲ್ಲೂ ಇರಲಿ. ದಾರಿಯಲ್ಲಿ ಬಳ್ಳಾರಿ, ಕಲಬುರಗಿ, ಬೀದರ್‌ನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033. ಯಾರಾದರೂ ಬಿದ್ದರೆ ಮೊದಲು ಹಿಂದಿನಿಂದ ಬರುವ ವಾಹನ ತಡೆಯಲು ಒಬ್ಬರು ಹೋಗಲಿ. ಬಿದ್ದವರು ಉಸಿರಾಡುತ್ತಿದ್ದರೆ ಹೆಲ್ಮೆಟ್ ಎಳೆಯಬೇಡಿ, ಕುತ್ತಿಗೆಗೆ ಪೆಟ್ಟಾಗಿರಬಹುದು. ಎಬ್ಬಿಸಿ ನೀರು ಕುಡಿಸುವುದೂ ಬೇಡ.

ಇನ್ನೊಂದು ಮಾತು. ಬೆನ್ನು ನೋವೆಂದು ಬೆಳಗ್ಗೆ ಒಂದು, ರಾತ್ರಿ ಒಂದು ಪೇಯ್ನ್‌ಕಿಲ್ಲರ್ ನುಂಗುವ ಅಭ್ಯಾಸ ದೂರದ ಸವಾರರಲ್ಲಿದೆ. ಬಾತ್‌ರೂಮಿಗೆ ನಿಲ್ಲಬೇಕಾಗುತ್ತದೆಂದು ನೀರನ್ನೂ ಕುಡಿಯುವುದಿಲ್ಲ. ಮೈಯಲ್ಲಿ ನೀರು ಕಡಿಮೆಯಾದಾಗ ಆ ಮಾತ್ರೆಗಳು ಪೆಟ್ಟು ಕೊಡುವುದು ಕಿಡ್ನಿಗೇ. ಕಿಡ್ನಿ ರೋಗಿಗಳಿಗಾಗಿ ಹೊರಟವರು ಇದನ್ನು ಮಾಡಬಾರದು. ಒಂದು, ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ, ನೀರು ಕುಡಿಯಿರಿ, ಮೈ ಮುರಿಯಿರಿ. ನಿಲ್ಲುವ ಜಾಗದಲ್ಲಿ ಶುಚಿಯಾದ ಶೌಚಾಲಯ ಇರುವಂತೆ ಮೊದಲೇ ಬಂಕು, ಹೋಟೆಲುಗಳನ್ನು ಗುರುತಿಸಿಟ್ಟುಕೊಳ್ಳಿ. ನಿಮ್ಮ ತಂಡದ ಹೆಣ್ಣುಮಕ್ಕಳು ಇದನ್ನು ಬಾಯಿಬಿಟ್ಟು ಕೇಳುವವರೆಗೆ ಕಾಯಬೇಡಿ.

ಇದೆಲ್ಲ ಕಾಗದದಲ್ಲಿ ಓದಿದರೆ ಬರುವುದಿಲ್ಲ. ನವೆಂಬರಿನಲ್ಲಿ ಎರಡು ಭಾನುವಾರ ಬಿಡುವು ಮಾಡಿಕೊಳ್ಳಿ. ಮೊದಲ ಸಲ ಮಂಡ್ಯ, ಮೇಲುಕೋಟೆ, ಶ್ರವಣಬೆಳಗೊಳ, ನಾಗಮಂಗಲ, ಮತ್ತೆ ಮಂಡ್ಯ. ಸುಮಾರು 150 ಕಿಲೋಮೀಟರ್. ತಂಡ, ಸಾಲು, ತಿರುವಿನಲ್ಲಿ ನಿಲ್ಲುವುದು ಎಲ್ಲ ಅಲ್ಲೇ ಅಭ್ಯಾಸವಾಗಲಿ. ಎರಡನೇ ಸಲ ಬೀದರ್‌ಗೆ ಒಯ್ಯುವ ಸಾಮಾನು ಪೂರ್ತಿ ಕಟ್ಟಿಕೊಂಡು ಹಿರಿಯೂರಿನ ದಾರಿಯಲ್ಲಿ ಹುಳಿಯಾರುವರೆಗೆ ಹೋಗಿ ಬನ್ನಿ. ಎರಡಕ್ಕೂ ಬಾರದವರನ್ನು ಬೀದರ್‌ಗೆ ಕರೆದೊಯ್ಯಬೇಡಿ. ಎಷ್ಟೇ ಹತ್ತಿರದವರಾದರೂ.

ಹಿಂತಿರುಗುವುದನ್ನು ನೀವು ಪ್ರಶ್ನೆಯಲ್ಲಿ ಬರೆದೇ ಇಲ್ಲ. ಹೋಗುವಾಗ ಉತ್ಸಾಹ ಇರುತ್ತದೆ. ಬರುವಾಗ ಎಲ್ಲ ಮುಗಿಯಿತು ಅನ್ನುವ ಸಡಿಲ, ಸೋಮವಾರ ಕೆಲಸಕ್ಕೆ ಹೋಗುವ ಅವಸರ. ಬೀದರ್‌ನಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ ಇಡಿ. ಕೋಟೆ ನೋಡಿ, ನಾನಕ್ ಝೀರಾ ಗುರುದ್ವಾರದ ಲಂಗರ್‌ನಲ್ಲಿ ಊಟ ಮಾಡಿ. ವಾಪಸು ಓಡಿಸುವವರು ಮೂರು ದಿನಕ್ಕೆ ಕಡಿಮೆ ಇಟ್ಟುಕೊಳ್ಳದಿರಲಿ. ರಜೆ ಇಲ್ಲದವರು ಕಲಬುರಗಿಯಿಂದ ರೈಲಿನಲ್ಲಿ ಬರಬಹುದು. ಬಸವ ಎಕ್ಸ್‌ಪ್ರೆಸ್ ಆ ಊರಿನ ಮೇಲೆ ಹಾದು ಮೈಸೂರಿಗೆ ಬರುತ್ತದೆ. ಬೈಕನ್ನು ಪಾರ್ಸೆಲ್ ಮಾಡುವುದಾದರೆ ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ನಕಲು ಕೊಡಬೇಕು. ಡಿಸೆಂಬರಿನ ಟಿಕೆಟ್ ಬೇಗ ಮುಗಿಯುತ್ತದೆ. ಯಾರು ರೈಲು, ಯಾರು ಬೈಕ್ ಎಂಬುದನ್ನು ಮೊದಲ ಅಭ್ಯಾಸದ ದಿನವೇ ಬರೆದುಕೊಳ್ಳಿ.